ಕನ್ನಡಿ ಇಲ್ಲದ ಪಡಸಾಲೆ

ಇಳಕಲ್ಲಿನ ನಮ್ಮ ಮನೆಯ ಪಡಸಾಲೆಯಲ್ಲಿ ಕನ್ನಡಿ ಇರಲಿಲ್ಲ. ಕೊಳ್ಳಲು ಗತಿಯಿಲ್ಲದೆ ಅಲ್ಲ, ಅದು ಅಪ್ಪನ ಕಟ್ಟಪ್ಪಣೆ. ಮನೆಯ ಹಿಂದುಗಡೆ ನೆಲದಲ್ಲಿ ಕುಣಿ ತೋಡಿ ಕೂರಿಸಿದ ಮೂರು ಮಗ್ಗ, ನಡುವೆ ಅಡುಗೆಮನೆ ಮತ್ತು ನಾವೆಲ್ಲ ಮಲಗುವ ನಡುಮನೆ, ಮುಂದೆ ಪಡಸಾಲೆ. ಹಿಂದೆ ನೇಯ್ದ ಸೀರೆ ಮುಂದೆ ಬಂದು ಮಾರಾಟವಾಗುತ್ತಿತ್ತು. ಹೊರಗೆ ಅಂಗಡಿಯ ಬೋರ್ಡು ಏನೂ ಇಲ್ಲ. ಆದರೆ ಹುನಗುಂದ, ಕಮತಗಿ, ಕೆರೂರು ಕಡೆಯಿಂದ ಮದುವೆಯ ಸೀರೆ ಕೊಳ್ಳುವ ಬಸ್ತಾಕ್ಕೆಂದು ಬಂದವರು ಬಸ್ಸಿಳಿದು ನೇರವಾಗಿ ನಮ್ಮ ಓಣಿಗೇ ಬರುತ್ತಿದ್ದರು. ಅಪ್ಪ ಜಮಖಾನೆ ಹಾಸುತ್ತಿದ್ದ, ಅವ್ವ ಚಹಾಕ್ಕೆ ಇಡುತ್ತಿದ್ದಳು, ಸೀರೆಗಳು ಒಂದರ ಮೇಲೊಂದು ಬಿಚ್ಚಿಕೊಳ್ಳುತ್ತಿದ್ದವು. ಬಂದವರಲ್ಲಿ ಯಾರಾದರೂ ಒಬ್ಬ ಹೆಣ್ಣುಮಗಳು ಸೆರಗು ಹೊದ್ದುಕೊಂಡು ಅತ್ತಿತ್ತ ನೋಡಿ ಕನ್ನಡಿ ಕೇಳಿದಳೆಂದರೆ ಅಪ್ಪ ನಗುತ್ತಿದ್ದ.

"ಕನ್ನಡಿ ಇಟ್ಟ್ರ ಸೀರಿ ಯಾರ ನೋಡ್ತಾರವ್ವ? ಎಲ್ಲಾರೂ ತಮ್ಮನ್ನ ತಾವ ನೋಡ್ಕೊಂತ ಕುಂದರ್ತಾರ. ಕನ್ನಡಿ ನೋಡ್ಕೊಂಡಾಕಿ ಖುಷಿಯಿಂದ ಎದ್ದು ಹೋಗಿದ್ದು ನಾ ಇನ್ನೂ ಕಂಡಿಲ್ಲ."

ಇದು ಬರೀ ಚಮತ್ಕಾರದ ಮಾತಲ್ಲ, ಅವನ ವ್ಯಾಪಾರದ ಒಳಗುಟ್ಟು. ಸೀರೆ ಒಪ್ಪಲಿಲ್ಲವೆಂದು ಯಾರೂ ಬಿಡುವುದಿಲ್ಲ, ಸೀರೆಯೊಳಗಿನ ತಾನು ಒಪ್ಪಲಿಲ್ಲವೆಂದು ಬಿಡುತ್ತಾರೆ ಎಂಬುದನ್ನು ಅಪ್ಪ ಕಂಡುಕೊಂಡಿದ್ದ. ಆದ್ದರಿಂದ ಬಂದವರು ತಮ್ಮನ್ನು ನೋಡಿಕೊಳ್ಳುವ ಹಾಗಿಲ್ಲ, ಬೇರೆ ಯಾರನ್ನೋ ನೋಡಬೇಕು. ಆ ಬೇರೆ ಯಾರೋ ಎಂದರೆ ನನ್ನ ಅಕ್ಕ ಕಸ್ತೂರಿ.

ಅಕ್ಕ ನನಗಿಂತ ಎಂಟು ವರ್ಷಕ್ಕೆ ದೊಡ್ಡವಳು. ಎತ್ತರದ ಆಳು, ನೀಳ ಕತ್ತು, ಬಣ್ಣ ಕಪ್ಪು. ಶ್ಯಾಮಲೆ, ಕೃಷ್ಣವರ್ಣೆ ಎಂಬ ಮಾತುಗಳು ನನಗೆ ಗೊತ್ತಿಲ್ಲವೆಂದಲ್ಲ. ಬಾಗಲಕೋಟೆಯ ಸಾಲೆಯಲ್ಲಿ ಮೂವತ್ತು ವರ್ಷ ಕನ್ನಡ ಕಲಿಸಿದ್ದೇನೆ, ಅಂಥ ಮಾತುಗಳನ್ನು ಮಕ್ಕಳ ಕೈಲಿ ಬಾಯಿಪಾಠ ಮಾಡಿಸಿದ್ದೇನೆ. ಆದರೆ ನಮ್ಮ ಓಣಿಯಲ್ಲಿ ಆ ನಾಣ್ಯ ಚಲಾವಣೆಯಲ್ಲಿರಲಿಲ್ಲ. ಅಲ್ಲಿ ಕರಿಯಾಕಿ ಎಂದರೆ ಕರಿಯಾಕಿ. ನಾನು ಅವ್ವನ ತವರಿನವರಂತೆ ಬೆಳ್ಳಗೆ ಹುಟ್ಟಿದ್ದೆ, ಮೂಗೂ ನೆಟ್ಟಗಿತ್ತು. ಇದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇಲ್ಲವೆಂದು ತಿಳಿಯಲು ನನಗೆ ಬಹಳ ಕಾಲ ಹಿಡಿಯಿತು. ಗಿರಾಕಿಗಳು ಬಂದಾಗ ಅಪ್ಪ ಒಳಗೆ ಮುಖ ಮಾಡಿ "ಕಸ್ತೂರೀ, ಬಾರವ್ವ ಇಲ್ಲೆ" ಎಂದು ಕೂಗುತ್ತಿದ್ದ. ಅಕ್ಕ ಕೈ ಒರೆಸಿಕೊಳ್ಳುತ್ತ ಬಂದು ಬಾಗಿಲ ಬೆಳಕಿಗೆ ಮುಖ ಮಾಡಿ ನಿಲ್ಲುತ್ತಿದ್ದಳು. ಅಪ್ಪ ಅವಳ ಹೆಗಲ ಮೇಲೆ ಸೆರಗು ಹಾಸಿ, ಎರಡು ನೆರಿಗೆ ಹಿಡಿದು ತೋರಿಸಿ, ಪ್ರತಿ ಸಲವೂ ಅದೇ ಮಾತು ಹೇಳುತ್ತಿದ್ದ.

"ನಮ್ಮ ಕಸ್ತೂರಿ ಮ್ಯಾಲ ಒಪ್ಪಿದ ಬಣ್ಣ ಯಾರ ಮ್ಯಾಲ ಒಪ್ಪೂದಿಲ್ಲ ಹೇಳ್ರಿ?"

ಬಂದವರಿಗೆ ಆ ಮಾತಿನ ಒಳಗಿದ್ದ ಮಾತು ತಕ್ಷಣ ಹೊಳೆಯುತ್ತಿತ್ತು, ನಗುತ್ತಿದ್ದರು, ಸೀರೆ ಹೋಗುತ್ತಿತ್ತು. ಅಪ್ಪ ಕೆಟ್ಟವನಲ್ಲ. ಅವನ ಜೀವವೆಲ್ಲ ಅಕ್ಕನ ಮೇಲೆಯೇ ಇತ್ತು. ಮಗಳು ತನ್ನ ಕಸುಬಿಗೆ ಹೆಗಲು ಕೊಟ್ಟಿದ್ದಾಳೆಂಬ ಹೆಮ್ಮೆಯಲ್ಲಿಯೇ ಅವನು ಹಾಗೆ ಹೇಳುತ್ತಿದ್ದ ಎಂದು ನಾನು ಇವತ್ತಿಗೂ ನಂಬುತ್ತೇನೆ. ಕೆಟ್ಟತನವಿದ್ದಿದ್ದರೆ ಸಿಟ್ಟಾದರೂ ಮಾಡಬಹುದಿತ್ತು. ಅಕ್ಕನ ಹೆಗಲ ಮೇಲಿಂದ ಆ ಸೀಮೆಯ ಎಷ್ಟು ಮದುವೆಗಳು ಹಾದುಹೋದವೋ ಲೆಕ್ಕವಿಲ್ಲ. ಆದರೆ ಆ ಸೀರೆಗಳಲ್ಲಿ ತಾನು ಹೇಗೆ ಕಾಣುತ್ತೇನೆಂದು ಅವಳು ಒಂದು ಸಲವೂ ನೋಡಿಕೊಂಡಿರಲಿಲ್ಲ. ಮನೆಗೆಲ್ಲ ಇದ್ದದ್ದು ನಡುಮನೆಯ ಗೂಡಿನ ಹತ್ತಿರ ಮೊಳೆಗೆ ಕಟ್ಟಿದ ಅಂಗೈಯಗಲದ ಒಂದು ಕನ್ನಡಿ. ಅದರಲ್ಲಿ ಹಣೆ ಕಂಡರೆ ಗದ್ದ ಕಾಣುತ್ತಿರಲಿಲ್ಲ.

ಆ ಕನ್ನಡಿಯ ಒಡತಿ ನಮ್ಮ ಅತ್ತಿ, ಅಪ್ಪನ ಅಕ್ಕ. ಎಳೆಯ ವಯಸ್ಸಿನಲ್ಲಿ ಮೈಮೇಲೆ ಅಮ್ಮ ಆಡಿ ಹೋಗಿ, ಅತ್ತಿಯ ಮುಖದ ತುಂಬ ಸಿಡುಬಿನ ಕಲೆಗಳು ಉಳಿದಿದ್ದವು. ಗಂಡನ ಮನೆಗೆ ಹೋದವಳು ವರ್ಷ ತುಂಬುವುದರೊಳಗೆ ತಿರುಗಿ ಬಂದಳಂತೆ. ಯಾಕೆಂದು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ತನ್ನ ಮುಖ ಹೋಯಿತೆಂದು ಅತ್ತಿ ಓಣಿಯವರ ಮುಖಗಳನ್ನೆಲ್ಲ ವಹಿಸಿಕೊಂಡಿದ್ದಳು. ಎಲ್ಲಿ ಬಾಣಂತಿ ಇದ್ದರೂ ಕೂಸಿಗೆ ಎರೆಯಲು ಅತ್ತಿಯೇ ಬೇಕು. ಕಾಲು ಚಾಚಿ ಕುಳಿತು, ಕೂಸನ್ನು ಮೊಣಕಾಲ ಮೇಲೆ ಹಾಕಿಕೊಂಡು, ಎಣ್ಣೆಯ ಬೆರಳಿನಿಂದ ಮೂಗು ಎಳೆದು ನೆಟ್ಟಗೆ ಮಾಡುವುದು, ತಲೆ ಒತ್ತಿ ದುಂಡಗೆ ಮಾಡುವುದು, ಗದ್ದಕ್ಕೆ ಗುಳಿ ಬೀಳಿಸುವುದು, ಎಲ್ಲವೂ ಅವಳ ಕೈಯಲ್ಲಿತ್ತು. ಇಂದಿಗೂ ಇಳಕಲ್ಲಿನ ಬಸ್‌ಸ್ಟ್ಯಾಂಡಿನಲ್ಲಿ ನೆಟ್ಟ ಮೂಗಿನ ಐವತ್ತು ದಾಟಿದವರು ಕಂಡರೆ ಇದು ನಮ್ಮ ಅತ್ತಿ ಎಳೆದದ್ದೇ ಇರಬೇಕು ಎಂದುಕೊಳ್ಳುತ್ತೇನೆ.

ಮೂಗು ಎಳೆಯಬಹುದು, ಬಣ್ಣ ಏನು ಮಾಡುವುದು? ಅತ್ತಿ ಸೋಲೊಪ್ಪುವವಳಲ್ಲ. ಅಕ್ಕನಿಗೆ ಹನ್ನೆರಡು ತುಂಬಿದಾಗಿನಿಂದ ವಾರಕ್ಕೆರಡು ದಿನ ಬಚ್ಚಲಲ್ಲಿ ಅವಳ ಕಾರುಬಾರು. ಕಡಲೆಹಿಟ್ಟು, ಕೆನೆ, ಅರಿಷಿಣ ಕಲಸಿ ಮೈಗೆಲ್ಲ ಮೆತ್ತಿ, ಅದು ಒಣಗಿ ಬಿರಿಯುವ ತನಕ ಅಕ್ಕನನ್ನು ಮಣೆಯ ಮೇಲೆ ಕೂಡಿಸುವುದು, ಆಮೇಲೆ ಒರಟು ಅರಿವೆಯಿಂದ ತಿಕ್ಕುವುದು. ಬಿಸಿಲಿಗೆ ಹೋಗಕೂಡದು. ನೂಲು ಒಣಹಾಕಲು ಅಂಗಳಕ್ಕೆ ಹೋದರೆ ಕೈತುಂಬ ಕುಪ್ಪಸ, ತಲೆಯ ಮೇಲೆ ಸೆರಗು. ಎಲ್ಲಕ್ಕಿಂತ ದೊಡ್ಡ ನಿಷೇಧ ಚಹಾದ್ದು.

"ಚಾ ಕುಡದ್ರ ರಕ್ತ ಕರ್ರಗಾಗ್ತೈತಿ," ಎನ್ನುತ್ತಿದ್ದಳು ಅತ್ತಿ. "ಸುಮ್ಮಿ ಕುಡೀಲಿ ಬಿಡು, ಅಕಿಗೆ ನಡೀತೈತಿ."

ಸುಮ್ಮಿ ಎಂದರೆ ನಾನು. ಮುಂಜಾನೆ ಎಲ್ಲರೂ ಅಡುಗೆಮನೆಯಲ್ಲಿ ಸಾಲಾಗಿ ಕುಳಿತು ಚಹಾ ಕುಡಿಯುವಾಗ ಅಕ್ಕನ ಮುಂದೆ ಒಂದು ಬಟ್ಟಲು ಹಾಲು ಇರುತ್ತಿತ್ತು. ಅವಳಿಗೆ ಹಾಲು ಕಂಡರೆ ಆಗುತ್ತಿರಲಿಲ್ಲ. ನಾನು ಬೇಕೆಂದೇ ಸದ್ದು ಮಾಡಿ ಚಹಾ ಹೀರುತ್ತಿದ್ದೆ. ಮಕ್ಕಳು ಮುಗ್ಧರು ಎನ್ನುವವರು ತಮ್ಮ ಬಾಲ್ಯ ಮರೆತವರಿರಬೇಕು. ಒಮ್ಮೆ ಅಕ್ಕನ ಕತ್ತಿನ ಮೇಲೆ ತಿಕ್ಕಿ ತಿಕ್ಕಿ ರಕ್ತ ಜಿನುಗಿದ್ದು ಕಂಡು, ಕಂಡಿಕೆಗೆ ನೂಲು ಸುತ್ತುತ್ತಿದ್ದ ಅವ್ವ ರಾಟಿ ನಿಲ್ಲಿಸಿದಳು. ಅವ್ವ ಸಾಮಾನ್ಯಕ್ಕೆ ಗಂಡನ ಅಕ್ಕನಿಗೆ ಎದುರಾಡಿದವಳಲ್ಲ.

"ತಿಕ್ಕಿದ್ರ ಬಣ್ಣ ಹೋಗ್ತೈತೇನ್ರಿ ಅಕ್ಕಾರ? ತೊಗಲು ಹೋಗ್ತೈತಿ ಅಷ್ಟ."

"ಹೋಗಲಿ. ನನ್ನ ಮುಖ ನೋಡಿಲ್ಲಿ. ನನ್ನಂಗ ನಿನ್ನ ಮಗಳೂ ಗಂಟು ಕಟಗೊಂಡು ತಿರುಗಿ ಬರಬೇಕೇನ? ಬಂದ್ರ ಅವತ್ತ ನನ್ನ ಮುಂದ ಅಳಬ್ಯಾಡ."

ಅವ್ವ ಮತ್ತೆ ರಾಟಿ ತಿರುಗಿಸಿದಳು. ಅತ್ತಿ ಮತ್ತೆ ತಿಕ್ಕಿದಳು, ಈ ಸಲ ಮೆಲ್ಲಗೆ. ಅಕ್ಕ ಮಣೆಯ ಮೇಲೆ ಕಣ್ಣು ಮುಚ್ಚಿ ಕುಳಿತೇ ಇದ್ದಳು. ಆ ಮನೆಯಲ್ಲಿ ಅವಳ ಮೈಯ ಬಗ್ಗೆ ಎಲ್ಲರೂ ಮಾತಾಡುತ್ತಿದ್ದರು, ಅವಳೊಬ್ಬಳನ್ನು ಬಿಟ್ಟು.

ಬಣ್ಣದ ಬಗ್ಗೆ ಅಕ್ಕ ತಾನಾಗಿ ಮಾತಾಡಿದ್ದು ಒಂದೇ ಒಂದು ಸಲ ನನಗೆ ನೆನಪಿದೆ. ಬಣ್ಣ ಹಾಕುವವರ ಮನೆಯಿಂದ ನೂಲಿನ ಲಡಿಗಳನ್ನು ಹೊತ್ತುಕೊಂಡು ಬರುತ್ತಿದ್ದೆವು. ದಾರಿಯಲ್ಲಿ ಕಲ್ಲು ಪಾಲಿಶ್ ಮಾಡುವ ಒಂದು ಕಾರ್ಖಾನೆ ಆಗಷ್ಟೇ ಶುರುವಾಗಿತ್ತು. ಕೆಂಪುಕಲ್ಲಿನ ದೊಡ್ಡದೊಂದು ಚಪ್ಪಡಿಯನ್ನು ಉಜ್ಜಿ, ನೀರು ಹಾಕಿ ತೊಳೆದು, ಗೋಡೆಗೆ ಒರಗಿಸಿ ನಿಲ್ಲಿಸಿದ್ದರು. ನಮ್ಮಿಬ್ಬರ ಇಡೀ ಆಕೃತಿ ಅದರಲ್ಲಿ ಮೂಡಿತ್ತು, ನೆತ್ತಿಯಿಂದ ಕಾಲಿನವರೆಗೆ. ಅಕ್ಕ ನಿಂತಳು. ನಿಂತು ಬಹಳ ಹೊತ್ತು ನೋಡಿದಳು.

"ಸುಮ್ಮಿ, ಇಲ್ಲಿ ನೋಡ. ಇದರಾಗ ನೀನೂ ನಾನೂ ಒಂದ ಬಣ್ಣ."

ನೋಡಿದೆ. ಖರೆಯೇ ಇತ್ತು. ಆ ಕಲ್ಲಿನೊಳಗೆ ಇಬ್ಬರೂ ಒಂದೇ ಮಬ್ಬುಗೆಂಪು. ಅಕ್ಕನ ಮುಖದಲ್ಲಿ ನಗು ಇತ್ತು, ಅವಳು ನನ್ನ ಕೈ ಹಿಡಿದುಕೊಂಡಿದ್ದಳು. ನನಗೆ ಏನೋ ಕಳೆದುಕೊಂಡ ಹಾಗೆ ಸಿಟ್ಟು ಬಂತು. ಕಲ್ಲಿನಾಗ ಎಲ್ಲಾರೂ ಕರ್ರಗ ಕಾಣಸ್ತಾರ ಎಂದು ಕೈ ಕೊಸರಿಕೊಂಡು ಓಡಿಬಂದೆ. ಓಣಿಯ ತಿರುವಿನಲ್ಲಿ ಹಿಂದಿರುಗಿ ನೋಡಿದಾಗ ಅವಳು ಇನ್ನೂ ಅಲ್ಲಿಯೇ, ಹೆಗಲ ಮೇಲೆ ನೂಲು ಹೊತ್ತುಕೊಂಡು ನಿಂತಿದ್ದಳು.

ಅಕ್ಕನಿಗೆ ಹದಿನೆಂಟಾದಾಗ ಕಮತಗಿಯಿಂದ ನೋಡಲು ಬಂದರು. ಹುಡುಗ ಆಫೀಸೊಂದರಲ್ಲಿ ಗುಮಾಸ್ತ. ಅಲ್ಲಿಯ ತನಕ ಎರಡು ಮನೆಯವರು ಬಂದು ಹೋಗಿದ್ದರು, ಆದರೆ ಈ ಸಲ ಅಕ್ಕನಿಗೇ ಮನಸ್ಸಿತ್ತೆಂದು ನನಗೆ ಗೊತ್ತಿತ್ತು. ಹುಡುಗ ಹೆಂಡತಿಯನ್ನು ಓದಿಸುತ್ತಾನಂತೆ ಎಂದು ಯಾರೋ ಹೇಳಿದ್ದರು. ಮೂಲೆಗಿಟ್ಟಿದ್ದ ಹತ್ತನೆಯ ಇಯತ್ತೆಯ ಪುಸ್ತಕಗಳನ್ನು ಅಕ್ಕ ತೆಗೆದು ಧೂಳು ಜಾಡಿಸಿ ಇಟ್ಟಿದ್ದಳು. ಎಂಟು ದಿನ ಮೊದಲಿನಿಂದ ಬಚ್ಚಲಲ್ಲಿ ಅರಿಷಿಣದ ವಾಸನೆ. ಪೌಡರಿನ ಹೊಸ ಡಬ್ಬಿಯೊಂದು ಬಂತು. ಅದನ್ನು ಅತ್ತಿ ಗೂಡಿನ ಮೇಲಿಟ್ಟು, ನನ್ನ ಕಡೆ ಬೆರಳು ತೋರಿಸಿ, ಮುಟ್ಟಿದರೆ ಕೈ ಸುಡುತ್ತೇನೆ ಎಂದಿದ್ದಳು. ಸೀರೆಯ ವಿಷಯಕ್ಕೆ ಮಾತ್ರ ಅಪ್ಪನಿಗೂ ಅತ್ತಿಗೂ ಜಗಳವಾಯಿತು. ಅಪ್ಪ ಬಣ್ಣದಲ್ಲಿಯೇ ಹುಟ್ಟಿ ಬೆಳೆದವನು. ಅವಳಿಗೆ ಗಾಢ ಬಣ್ಣ ಉಡಿಸಿರಿ, ಮುಖ ಎದ್ದು ಕಾಣುತ್ತದೆ ಎಂದ. ಅತ್ತಿ ಕೇಳಲಿಲ್ಲ. ತೆಳು ಗುಲಾಬಿ ಉಟ್ಟರೆ ಸೀರೆಯ ಬೆಳಕು ಮುಖಕ್ಕೆ ಬರುತ್ತದೆ ಎಂಬುದು ಅವಳ ಹಟ. ಹೆಣ್ಣಿನ ಸಿಂಗಾರದಲ್ಲಿ ಗಂಡಸು ಬಾಯಿ ಹಾಕಬಾರದೆಂದು ಅಪ್ಪ ಸುಮ್ಮನಾದ. ಸಾವಿರ ಜನರ ಮಗಳಂದಿರಿಗೆ ಬಣ್ಣ ಆರಿಸಿಕೊಟ್ಟವನು ತನ್ನ ಮಗಳಿಗೆ ಆರಿಸಿಕೊಡಲಿಲ್ಲ.

ಆ ತೆಳು ಗುಲಾಬಿಯಲ್ಲಿ, ಮುಖಕ್ಕೆಲ್ಲ ಪೌಡರು ಮೆತ್ತಿಸಿಕೊಂಡು ಬಂದು ಕುಳಿತ ಅಕ್ಕನನ್ನು ಕಂಡು ನನಗೆ ಬೂದಿ ಮೆತ್ತಿದ ಬದನೆಕಾಯಿಯ ನೆನಪಾಯಿತು. ಹತ್ತು ವರ್ಷದ ನಾನು ಬಾಗಿಲ ಹಿಂದೆ ನಿಂತು ನಕ್ಕೆ. ಹುಡುಗನ ತಾಯಿ ದೊಡ್ಡ ಮೈಕಟ್ಟಿನ, ಹಸನ್ಮುಖಿ ಹೆಂಗಸು, ಕೊರಳಲ್ಲಿ ಬೋರಮಾಳ. ಅಕ್ಕನಿಗೆ ಅಡುಗೆ ಬರುತ್ತದೆಯೇ, ಕಸೂತಿ ಬರುತ್ತದೆಯೇ ಎಂದೆಲ್ಲ ಕೇಳಿದರು. ನಾನು ಅವಲಕ್ಕಿಯ ತಾಟು ಹಿಡಿದು ಹೋದಾಗ ಆ ತಾಯಿ ನನ್ನ ಗದ್ದ ಹಿಡಿದೆತ್ತಿದರು.

"ಏನ ಚಂದ ಅದಾಳರೀ ಗೊಂಬಿಹಂಗ! ಇಕಿನೂ ನಿಮ್ಮ ಮಗಳ ಏನ್ರಿ?"

ಹೌದು ಎಂದ ಅಪ್ಪ. ಆ ಹೆಂಗಸು ಒಮ್ಮೆ ನನ್ನನ್ನೂ ಒಮ್ಮೆ ಅಕ್ಕನನ್ನೂ ನೋಡಿದರು. ಅಕ್ಕ ತಲೆ ಬಗ್ಗಿಸಿಯೇ ಇದ್ದಳು. ಗದ್ದಕ್ಕೆ ತಾಗಿದ ಆ ಬೆರಳುಗಳ ಮೆತ್ತನೆಯ ಸ್ಪರ್ಶ ನನ್ನ ಮೈಯಲ್ಲಿ ಎಷ್ಟೋ ದಿನ ಉಳಿದಿತ್ತು. ಹೇಳಿ ಕಳಿಸುತ್ತೇವೆ ಎಂದು ಹೋದರು.

ಇಲ್ಲ ಎಂದಿದ್ದರೆ ಒಂದು ದಿನದ ಅಳು. ಹೇಳಿ ಕಳಿಸುತ್ತೇವೆ ಎಂದದ್ದರಿಂದ ನಾಲ್ಕು ತಿಂಗಳು ಕಾದೆವು. ಪೋಸ್ಟಿನವನ ಸೈಕಲ್ ಓಣಿಗೆ ಬಂದರೆ ಅಕ್ಕ ಕೆಲಸವಿಲ್ಲದಿದ್ದರೂ ಹೊಸ್ತಿಲಿಗೆ ಬರುತ್ತಿದ್ದಳು. ಅಪ್ಪನೂ ಆಸೆ ಬಿಟ್ಟಿರಲಿಲ್ಲ. ಆ ದಿನಗಳಲ್ಲಿಯೇ ಅವನು ಕೂಲಿಯ ನೇಕಾರನೊಬ್ಬನನ್ನು ಮಗ್ಗದಿಂದ ಎಬ್ಬಿಸಿ ತಾನೇ ಕುಣಿಗಿಳಿದು ಸೀರೆಯೊಂದನ್ನು ನೇಯ್ದ. ನವಿಲು ಬಣ್ಣದ ಒಡಲು, ಎರಡೂ ಅಂಚಿಗೆ ಚಿಕ್ಕಿಯ ದಡಿ, ಕೆಂಪು ಸೆರಗಿನ ಮೇಲೆ ಬಿಳಿಯ ತೆನೆ. ಯಾರಿಗೆ ಎಂದು ಅವನು ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ನೇಯ್ದು ಮುಗಿದ ಮೇಲೆ ಬಿಳಿ ಅರಿವೆಯಲ್ಲಿ ಸುತ್ತಿ ಪಡಸಾಲೆಯ ಸಂದೂಕದ ತಳಕ್ಕೆ ಇಟ್ಟ.

ಆಮೇಲೆ ಒಂದು ಮಧ್ಯಾಹ್ನ ಅವರು ಬಂದರು. ಅತ್ತಿ ಓಣಿಯ ಕೆಳಗಿನ ಮನೆಗೆ ಕೂಸಿಗೆ ಎರೆಯಲು ಹೋಗಿದ್ದಳು. ಅವ್ವ ಒಲೆಯ ಮುಂದಿದ್ದಳು, ಅಕ್ಕ ಹಿತ್ತಲಲ್ಲಿ. ಹೊಸ್ತಿಲ ಮೇಲೆ ಕುಳಿತು ಮಗ್ಗಿ ಬರೆಯುತ್ತಿದ್ದ ನಾನು ಮೊದಲು ಕಂಡದ್ದು ಆ ಬೋರಮಾಳ. ಹಿಂದೆ ಇನ್ನಿಬ್ಬರು ಹೆಂಗಸರು, ಒಬ್ಬ ಮುದುಕ. ಅವರು ಮೆಟ್ಟಿಲು ಹತ್ತುವ ಮೊದಲೇ ನಾನು ಪಾಟಿ ಬಿಟ್ಟು ನಡುಮನೆಗೆ ಓಡಿದೆ. ಅಕ್ಕನಿಗೆ ಸುದ್ದಿ ಮುಟ್ಟಿಸಲು ಓಡಿದೆ ಎಂದು ಬರೆಯುವ ಆಸೆ ನನಗೂ ಇದೆ. ಹಾಗೇನಾದರೂ ಓಡಿದ್ದರೆ ಅವಳು ಹಿತ್ತಲಿನಿಂದ ಪಕ್ಕದ ಮನೆಗೆ ದಾಟಿಕೊಳ್ಳಬಹುದಿತ್ತು. ನಾನು ಓಡಿದ್ದು ಕನ್ನಡಿಗೆ. ಮಣೆಯ ಮೇಲೆ ಮಣೆ ಇಟ್ಟು ಹತ್ತಿ, ಗೂಡಿನಿಂದ ಅಕ್ಕನ ಪೌಡರಿನ ಡಬ್ಬಿ ತೆಗೆದುಕೊಂಡೆ. ಆ ಹೆಂಗಸು ಮತ್ತೆ ನನ್ನ ಗದ್ದ ಹಿಡಿಯಬೇಕಾಗಿತ್ತು. ಪಡಸಾಲೆಯ ಮಾತು ಗೋಡೆಯಾಚೆಯಿಂದ ಕೇಳಿಸುತ್ತಿತ್ತು.

"ಸಂಬಂಧ ಕೂಡಿ ಬರಲಿಲ್ಲರೀ, ಋಣಾನುಬಂಧ ಅದು. ನಮ್ಮ ಹುಡುಗಗ ಬದಾಮಿ ಕಡೀ ಹೆಣ್ಣು ಗಟ್ಟಿ ಆತು. ಹಂಗಂತ ಬಸ್ತಾಕ್ಕ ಬ್ಯಾರೆಯವರ ಮನಿಗೆ ಹೋಗಾಕ ಮನಸಾಗಲಿಲ್ಲ ನೋಡ್ರಿ. ಸೀರಿ ಅಂದ್ರ ನಿಮ್ಮದ."

ಉಪಕಾರ ಮಾಡುವ ದನಿ ಅದು. ಅವರು ನಿಜವಾಗಿ ನಮಗೆ ಸಮಾಧಾನ ಮಾಡಲೆಂದೇ ಬಂದಿದ್ದರು. ಅಪ್ಪ ಜಮಖಾನೆ ಕೊಡವಿ ಹಾಸಿದ ಸದ್ದು ಕೇಳಿಸಿತು.

"ಬರ್ರಿ ತಾಯಿ, ಕುಂದರ್ರಿ."

ಸೀರೆಗಳು ಬಿಚ್ಚಿಕೊಳ್ಳುವ ಸದ್ದು. ಒಂದೂ ಮನಸ್ಸಿಗೆ ಬರಲಿಲ್ಲ ಅವರಿಗೆ. ಸಂದೂಕದ ತಳದಲ್ಲಿ ಅರಿವೆ ಸುತ್ತಿ ಇಟ್ಟಿದ್ದು ಏನು, ಅದನ್ನು ತೋರಿಸಿ ಎಂದರು. ಅದು ಮಾರುವುದಲ್ಲ ಎಂಬ ಒಂದು ಮಾತು ಅಪ್ಪ ಹೇಳುತ್ತಾನೆಂದು ನಾನು ಕಾದೆನೇ? ಇಲ್ಲ, ನಾನು ಕೆನ್ನೆಗೆ ಪೌಡರು ಬಡಿದುಕೊಳ್ಳುತ್ತಿದ್ದೆ. ಆಮೇಲೆ ಅಪ್ಪನ ಕೂಗು ಕೇಳಿಸಿತು, ದಿನವೂ ಕೇಳುವ ಅದೇ ಕೂಗು.

"ಕಸ್ತೂರೀ, ಬಾರವ್ವ ಇಲ್ಲೆ."

ಅಪ್ಪ ಬೇಕೆಂದು ಕರೆಯಲಿಲ್ಲ. ಕೈಯಲ್ಲಿ ಸೀರೆ ಬಿಚ್ಚಿಕೊಂಡರೆ ಬಾಯಿ ತಾನೇ ಆ ಹೆಸರು ಕೂಗುತ್ತಿತ್ತು, ವರ್ಷಗಟ್ಟಲೆಯ ರೂಢಿ. ಕೂಗಿದ ಮೇಲೆ ಅವನಿಗೆ ಗೊತ್ತಾಗಿರಬೇಕು. ಆದರೆ ಅಷ್ಟರಲ್ಲಿ ಅಕ್ಕ ಕೈ ಒರೆಸಿಕೊಳ್ಳುತ್ತ ಬಂದು ಪಡಸಾಲೆಯಲ್ಲಿ ನಿಂತಾಗಿತ್ತು. ಹೋಗು ಎಂದು ತಿರುಗಿ ಕಳಿಸಿದರೆ ಬಾಯಿಬಿಟ್ಟು ಎಲ್ಲವನ್ನೂ ಹೇಳಿದ ಹಾಗೆ. ಸೆರಗು ಜಾಡಿಸಿದ ಸದ್ದು ಕೇಳಿಸಿತು. ಆಮೇಲೆ ಪಡಸಾಲೆ ಒಮ್ಮೆಲೇ ಸುಮ್ಮನಾಯಿತು. ಬಳೆಯ ಸದ್ದೂ ಇಲ್ಲ. ಕನ್ನಡಿಯ ಮುಂದೆ ನಿಂತಿದ್ದ ನನಗೂ ಆ ನಿಶ್ಶಬ್ದ ಕೇಳಿಸಿತು. ಏನಾಯಿತೆಂದು ಇಣುಕಿ ನೋಡಲಿಲ್ಲ, ಒಂದು ಕೆನ್ನೆ ಬಾಕಿ ಇತ್ತು. ಅಪ್ಪ ತನ್ನ ಎಂದಿನ ಮಾತನ್ನು ಈ ಸಲ ಹೇಳಲಿಲ್ಲ. ಕಡೆಗೆ ಆ ಹೆಂಗಸೇ ಮಾತಾಡಿದರು.

"ಬಣ್ಣ ಏನೋ ಭಾಳ ಛಲೋ ಐತಿ. ಆದ್ರ ನಮ್ಮ ಸೊಸಿ ಬೆಳ್ಳಗ ಅದಾಳರೀ, ಇಕಿ ಮ್ಯಾಲ ತಿಳಿಯಂಗಿಲ್ಲ. ಆ ಸಣ್ಣಾಕಿನ್ನ ಕರೀರಿ."

ಅಪ್ಪ ಕರೆಯುವ ಮೊದಲೇ ನಾನು ಹೋಗಿ ನಿಂತಿದ್ದೆ. ಅಕ್ಕ ತಾನೇ ಸೆರಗನ್ನು ತನ್ನ ಹೆಗಲಿನಿಂದ ತೆಗೆದು ನನ್ನ ಹೆಗಲಿಗೆ ಹಾಕಿದಳು. ಉದ್ದವಾಯಿತೆಂದು ಎರಡು ಮಡಿಕೆ ಮಾಡಿ, ಎರಡೂ ಕೈಯಿಂದ ಸರಿಮಾಡಿ ಹಿಡಿದುಕೊಂಡಳು. ನನ್ನ ಮುಖದ ಪಕ್ಕದಲ್ಲಿ, ಕಿವಿಯ ಹತ್ತಿರ ಏನನ್ನೋ ನೋಡುತ್ತ ಒಂದು ಗಳಿಗೆ ನಿಂತಳು. ಹೊಟ್ಟೆಕಿಚ್ಚು ಎಂದುಕೊಂಡೆ ನಾನು. ಆ ಹೆಂಗಸು ನನ್ನ ಗದ್ದ ಹಿಡಿದು, ಹಾಂ ಈಗ ನೋಡ್ರಿ ಎಂದರು. ನಾನು ಬೆನ್ನು ನೆಟ್ಟಗೆ ಮಾಡಿ ನಿಂತೆ. ಅಷ್ಟು ಸಂತೋಷ ನನಗೆ ಆಮೇಲೆ ಮದುವೆಯಲ್ಲಿಯೂ ಆಗಲಿಲ್ಲ, ಮಕ್ಕಳು ಹುಟ್ಟಿದಾಗಲೂ ಆಗಲಿಲ್ಲ. ಆ ಸೀರೆ ಬದಾಮಿಯ ಹುಡುಗಿಗೆ ಹೋಯಿತು.

ಆ ದಿನ ಮನೆಯಲ್ಲಿ ಯಾರೂ ಅಳಲಿಲ್ಲ. ಅತ್ತಿ ಬಂದು ಸುದ್ದಿ ಕೇಳಿ, ಅಪ್ಪನ ಮುಂದೆ ನಿಂತು, ಬಚ್ಚಲಿಗೆ ಹೋಗಿ ಕೈಕಾಲು ತೊಳೆದುಕೊಂಡಳು. ಮರುದಿನ ಮುಂಜಾನೆ ಅಕ್ಕ ತನ್ನ ಹಾಲಿನ ಬಟ್ಟಲನ್ನು ನನ್ನ ಕಡೆ ಸರಿಸಿ, ಅವ್ವನಿಗೆ ಹೇಳಿದಳು.

"ನನಗೂ ಒಂದ ಕಪ್ಪು ಚಾ ಹಾಕವಾ."

ಅವ್ವ ಅತ್ತಿಯ ಮುಖ ನೋಡಿದಳು. ಅತ್ತಿ ಗೋಡೆ ನೋಡಿದಳು. ಚಹಾ ಕುಡಿದು ಮುಗಿಸಿ ಅಕ್ಕ ಅಪ್ಪನ ಕಡೆ ತಿರುಗಿದಳು.

"ಅಪ್ಪಾ, ಇನ್ನ ಮ್ಯಾಲ ಪಡಸಾಲಿಗೆ ನನ್ನ ಕರೀಬ್ಯಾಡ. ನಾ ಮಗ್ಗಕ್ಕ ಕುಂದರ್ತೇನಿ."

ಅಂದಿನಿಂದ ಅವಳು ಮಗ್ಗದ ಕುಣಿಗಿಳಿದಳು. ಅಲ್ಲಿ ಕುಳಿತರೆ ಮನುಷ್ಯ ಸೊಂಟದಿಂದ ಮೇಲಕ್ಕೆ ಅಷ್ಟೇ ಕಾಣುತ್ತಾನೆ, ಅದೂ ಅರೆಗತ್ತಲೆಯಲ್ಲಿ. ಪಡಸಾಲೆಯ ಕೆಲಸ ನನ್ನ ಹೆಗಲಿಗೆ ಬಂತು. ನೋಡುವವರ ಮುಂದೆ ಹೇಗೆ ನಿಲ್ಲಬೇಕು, ಬೆಳಕು ಯಾವ ಕೆನ್ನೆಗೆ ಬೀಳಬೇಕು ಎಂಬುದನ್ನು ನಾನು ಅಲ್ಲಿಯೇ ಕಲಿತೆ, ಬಹಳ ಚೆನ್ನಾಗಿ ಕಲಿತೆ. ನಾನು ಎಂಥವಳು ಎಂದು ಯಾರಾದರೂ ಕೇಳಿದರೆ ಆ ಪಡಸಾಲೆಯಲ್ಲಿ ಆದವಳು ಎನ್ನಬೇಕು. ಸಾಲೆಯ ಗ್ಯಾದರಿಂಗಿನಲ್ಲಿ ಸ್ವಾಗತಗೀತೆಗೆ ಮುಂದಿನ ಸಾಲಿನಲ್ಲಿ ಬೆಳ್ಳಗಿನ ಹುಡುಗಿಯರನ್ನು ನಿಲ್ಲಿಸಿ, ಕಪ್ಪಗಿದ್ದವರ ದನಿ ಚೆನ್ನಾಗಿದೆ ಎಂದು ಹೇಳಿ ಹಿಂದಕ್ಕೆ ಕಳಿಸಿದ್ದೇನೆ. ಒಂದು ಸಲವಲ್ಲ, ಬಹಳ ವರ್ಷ. ಹಾಗೆ ಹಿಂದೆ ಹೋಗುವಾಗ ಅವರಲ್ಲಿ ಒಬ್ಬಳೂ ಯಾಕೆಂದು ಕೇಳಲಿಲ್ಲ. ಅವರಿಗೆ ಮನೆಯಲ್ಲಿಯೇ ಗೊತ್ತಾಗಿತ್ತು.

ಅಕ್ಕನ ಮದುವೆ ಇಪ್ಪತ್ತೆಂಟಕ್ಕೆ ಆಯಿತು, ಕೆರೂರಿನ ಒಬ್ಬ ಎರಡನೆಯ ಸಂಬಂಧದವನ ಜೊತೆ. ಒಳ್ಳೆಯವನು, ಮಾತು ಕಡಿಮೆ. ಅವನ ಮೊದಲ ಹೆಂಡತಿಯ ಮಗನನ್ನು ಅಕ್ಕ ತನ್ನ ಮಗನಂತೆಯೇ ಬೆಳೆಸಿದಳು. ಪುಸ್ತಕಗಳು ಇಳಕಲ್ಲಿನಲ್ಲಿಯೇ ಉಳಿದವು. ಅಪ್ಪ, ಅತ್ತಿ, ಅವ್ವ ಒಬ್ಬೊಬ್ಬರಾಗಿ ಹೋದರು. ಭಾವನೂ ಹೋದ ಮೇಲೆ ಅಕ್ಕ ಆ ಮಗನ ಸಂಸಾರದಲ್ಲಿ ಇದ್ದಾಳೆ. ನನಗೀಗ ಐವತ್ತೆಂಟು, ನಿವೃತ್ತಿ ಹತ್ತಿರ ಬಂದಿದೆ. ರಜೆಯಲ್ಲಿ ಒಮ್ಮೊಮ್ಮೆ ಬಾಗಲಕೋಟೆಯಿಂದ ಬಸ್ಸು ಹತ್ತಿ ಅವಳ ಹತ್ತಿರ ಹೋಗುತ್ತೇನೆ.

ಹೋದ ಸಲ ಹೋದಾಗ ಅಕ್ಕ ಕಟ್ಟೆಯ ಮೇಲೆ ಕುಳಿತು ಪುಂಡಿಪಲ್ಲೆ ಸೋಸುತ್ತಿದ್ದಳು. ನಾನೂ ಪಕ್ಕದಲ್ಲಿ ಕುಳಿತೆ. ಕಾಲೇಜಿಗೆ ಹೋಗುವ ಮೊಮ್ಮಗಳು ಸಿಂಚನಾ ನಮ್ಮಿಬ್ಬರ ಫೋಟೋ ಹೊಡೆದು, ಮೊಬೈಲು ತಂದು ಅಕ್ಕನ ಮುಂದೆ ಹಿಡಿದಳು. ಮುಖ ತಾನೇ ಬೆಳ್ಳಗೆ, ನುಣ್ಣಗೆ ಮಾಡಿಕೊಡುವ ಮೊಬೈಲು ಅದು. ಅಕ್ಕ ಕಣ್ಣು ಕಿರಿದು ಮಾಡಿ ನೋಡಿದಳು.

"ಇದ ಯಾರವಾ?"

"ನೀನ ಅಲ್ಲೇನ ಆಯಿ!"

"ನಾ ಎಲ್ಲಿ ಅದೇನಿ ಇದರಾಗ? ಇಲ್ಲಿ ಇಬ್ಬರೂ ಸುಮ್ಮಿನ ಅದಾರಲ್ಲ."

ಹುಡುಗಿ ನಗುತ್ತ ಸಂತೆಗೆ ಹೋದಳು. ಅಕ್ಕ ನಗಲಿಲ್ಲ. ಮತ್ತೆ ಎಲೆ ಬಿಡಿಸತೊಡಗಿದಳು. ನಲವತ್ತೆಂಟು ವರ್ಷಗಳಲ್ಲಿ ನಾವಿಬ್ಬರೂ ಒಮ್ಮೆಯೂ ಆ ಮಧ್ಯಾಹ್ನದ ಮಾತು ತೆಗೆದವರಲ್ಲ. ಅವಳು ತೆಗೆದಳು.

"ಸುಮ್ಮಿ, ಆ ಕಮತಗಿಯವರು ಬಸ್ತಾಕ್ಕ ಬಂದಿದ್ರಲ್ಲ. ಅಪ್ಪ ಆ ನವಿಲು ಬಣ್ಣದ ಸೀರಿ ನನ್ನ ಮ್ಯಾಲ ಹಾಕಿದಾಗ ಎಲ್ಲಾರೂ ಒಮ್ಮಿಗೇ ಸುಮ್ಮನಾದ್ರು. ಯಾಕ ಸುಮ್ಮನಾದ್ರು ಅಂತ ನನಗ ಇನ್ನೂ ತಿಳಿದಿಲ್ಲ. ಚಂದ ಕಾಣಿಸ್ತು ಅಂತ ಸುಮ್ಮನಾದ್ರೋ, ನನ್ನ ನೋಡಿ ಅಯ್ಯೋ ಅನ್ನಿಸಿ ಸುಮ್ಮನಾದ್ರೋ. ಅಪ್ಪನ್ನ ಕೇಳಬೇಕಂತ ಮಾಡಿದ್ದೆ, ಬಾಯಿ ಬರಲಿಲ್ಲ. ಈಗ ಕೇಳಾಕ ನೀ ಒಬ್ಬಾಕಿ ಉಳದೀ. ನೀ ಏನರ ನೋಡಿದ್ದೇನು? ಹ್ಯಾಂಗ ಕಾಣಸ್ತಿದ್ದೆ ನಾ?"

ಇಷ್ಟು ವರ್ಷ ಅವಳು ನೆನಪಿಟ್ಟುಕೊಂಡಿದ್ದು ಅವಮಾನವನ್ನು ಎಂದು ನಾನು ತಿಳಿದಿದ್ದೆ. ಅವಳು ಇಟ್ಟುಕೊಂಡಿದ್ದು ಒಂದು ಪ್ರಶ್ನೆಯನ್ನು. ಅದಕ್ಕೆ ಉತ್ತರ ಹೇಳಬಹುದಾದವಳು ಈ ಲೋಕದಲ್ಲಿ ನಾನೊಬ್ಬಳೇ, ಮತ್ತು ನಾನು ಆಗ ಗೋಡೆಯಾಚೆ ನನ್ನ ಮುಖ ನೋಡಿಕೊಳ್ಳುತ್ತ ನಿಂತಿದ್ದೆ. ಹೇಳಲು ನನ್ನ ಹತ್ತಿರ ಇದ್ದದ್ದು ಸುಳ್ಳು ಮಾತ್ರ, ಅದನ್ನೇ ಹೇಳಿದೆ.

"ನೋಡಿದ್ದೆ ಅಕ್ಕಾ. ಭಾಳ ಚಂದ ಕಾಣಸ್ತಿದ್ದಿ. ಅದಕ್ಕ ಸುಮ್ಮನಾದ್ರು ಎಲ್ಲಾರೂ."

ಅಕ್ಕ ಕೈಯಲ್ಲಿದ್ದ ಎಲೆ ಬಿಟ್ಟು ನನ್ನ ಮುಖ ನೋಡಿದಳು. ನೋಡುತ್ತಲೇ ಇದ್ದಳು. ಆಮೇಲೆ ಕೈ ಚಾಚಿ, ಹಸಿರು ಹತ್ತಿದ ಹೆಬ್ಬೆರಳಿನಿಂದ ನನ್ನ ಕಿವಿಯ ಹತ್ತಿರ, ಕೆನ್ನೆಯ ಅಂಚಿನಲ್ಲಿ, ಮೆಲ್ಲಗೆ ಒರೆಸಿದಳು. ಅಲ್ಲಿ ಏನೂ ಇರಲಿಲ್ಲ.

"ಇಲ್ಲಿ ಪೌಡರು ಹಂಗ ಉಳದಿತ್ತು ಅವತ್ತ, ನೀ ಸರಿಯಾಗಿ ತಿಕ್ಕಿರಲಿಲ್ಲ," ಅಂದಳು. "ಒರಸಬೇಕಂತ ಮಾಡಿದ್ದೆ. ಕೈಯಾಗ ಸೆರಗಿತ್ತು."